ಪಾಲಾಕ್ಷಯ್ಯನ ಸಿಟ್ಟಿಗೆ ಹುಚ್ಚಯ್ಯನ ಮದ್ದು

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಪಾಲಾಕ್ಷಯ್ಯನಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು ಎಂದರೆ ಸುಳ್ಳಾದೀತು. ಅದು ಯಾವಾಗಲೋ ಮೂಗಿನಿಂದಿಳಿದು ಮೀಸೆಯಲ್ಲಿ ಮನೆ ಮಾಡಿತ್ತು. ಮೀಸೆ ಅದುರಿತೋ, ಹೆಂಡತಿ ನೀಲಗಂಗಮ್ಮ ಕೈಗೆ ಸಿಕ್ಕ ಲೋಟ ಚೊಂಬುಗಳನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಅಡುಗೆಮನೆ ಸೇರುವಳು. ಅವನು ಎಗರಾಡಿ, ಬೈದು, ತಣ್ಣಗಾಗಿ, "ಲೇ, ಕಾಫಿ ಕೊಡ್ತೀಯಾ?" ಎನ್ನುವನು. ಆ ಹೊತ್ತಿಗೆ ಬೀದಿಯೆಲ್ಲ ಕೇಳಿ ಆಗಿರುತ್ತಿತ್ತು.

ಅದನ್ನೂ ಸಹಿಸಬಹುದಿತ್ತು. ಮಗಳು ರೇವಮ್ಮನ ಮದುವೆ ಕೂಡಿಬರುತ್ತಿರಲಿಲ್ಲವಲ್ಲ, ಅದೇ ನೀಲಗಂಗಮ್ಮನ ಸಂಕಟ. ಅರಕಲಗೂಡಿನಿಂದ ಬಂದ ಗಂಡಿನ ಕಡೆಯವರೊಬ್ಬರು ಉಪ್ಪಿಟ್ಟಿಗೆ ಉಪ್ಪು ಸಾಲದು ಎಂದದ್ದೇ ತಡ, ಪಾಲಾಕ್ಷಯ್ಯ ಉಪ್ಪಿನ ಮರಿಗೆಯನ್ನೇ ತಂದು ಅವರ ತಟ್ಟೆಗೆ ಬಗ್ಗಿಸಿದ. ಮೊಸಳೆ ಎಂಬ ಊರಿನಿಂದ ಬಂದವರು "ಹುಡುಗಿ ನಾಕು ಹೆಜ್ಜೆ ನಡೀಲಿ, ನೋಡಾನ" ಎಂದರು. "ಮೊದ್ಲು ನೀವು ನಡೀರಿ, ನಾ ನೋಡ್ತೀನಿ" ಎಂದು ಅವರನ್ನು ಬಸ್ಸು ನಿಲ್ಲುವ ಜಾಗದವರೆಗೂ ನಡೆಸಿಕೊಂಡು ಹೋಗಿ ಬಿಟ್ಟುಬಂದ. ರೇವಮ್ಮ ಬಾಗಿಲ ಹಿಂದೆ ನಿಂತು ಅತ್ತಳು.

ನೀಲಗಂಗಮ್ಮ ಸುಮ್ಮನೆ ಕೂರಲಿಲ್ಲ. ಪಂಡಿತರು ಇದು ಪಿತ್ತವೆಂದು ತಲೆಗೆ ತಂಪಿನ ಎಣ್ಣೆ ಕೊಟ್ಟರು. ಅದರ ವಾಸನೆಗೇ ಅವನಿಗೆ ಸಿಟ್ಟು ಬಂತು. ಮಠದ ಅಯ್ಯನವರು ತಾಯಿತ ಕಟ್ಟಿದರು. ದಾರ ತುರಿಸುತ್ತದೆಂದು ತಾಯಿತವನ್ನೇ ಬೈದ.

ಕೊನೆಗೆ ದಾರಿ ತೋರಿದವನು ಕ್ಷೌರದ ಹುಚ್ಚಯ್ಯ. "ಅವ್ವಾ, ನನ್ ಕತ್ತಿ ಕುತ್ಗೆ ಮ್ಯಾಲಿದ್ರೆ ಯಜಮಾನ್ರು ಕೆಮ್ಮಾದೂ ಇಲ್ಲ ಕಣ್ರವ್ವ. ಹಸ ಇದ್ದಂಗಿರ್ತಾರೆ!"

ಅಯ್ಯೋ ಶಿವನೇ, ಇಷ್ಟು ದಿನ ಹೊಳೆಯಲಿಲ್ಲವಲ್ಲ! ಹಿತ್ತಲಲ್ಲಿ ಕ್ಷೌರಕ್ಕೆ ಕೂತವರು ಮೀಯದೆ ಒಳಗೆ ಕಾಲಿಡುವಂತಿಲ್ಲ. ಮೀಯುವ ನೀರಿಗೆ ಒಲೆ ಹಚ್ಚುವವಳು ತಾನೇ.

ಚನ್ನರಾಯಪಟ್ಟಣದ ಗಂಡಿನವರು ಬೆಳಗಿನ ಬಸ್ಸಿಗೆ ಬರುವವರಿದ್ದರು. ಗಂಡನಿಗೆ ಮಾತ್ರ ಮಧ್ಯಾಹ್ನ ಬರುತ್ತಾರೆ ಎಂದಳು. "ಈ ಗಡ್ಡ ನೋಡಿದ್ರೆ ಬಂದೋರು ಏನಂದಾರು?" ಎಂದು ಹಿತ್ತಲಿಗೆ ಕಳಿಸಿದಳು. ಒಲೆ ಹಚ್ಚಲಿಲ್ಲ.

ಹುಚ್ಚಯ್ಯ ನೊರೆ ಹಚ್ಚಿ, ಒಂದೊಂದು ಕೂದಲಿನ ಕ್ಷೇಮಸಮಾಚಾರ ಕೇಳುವವನಂತೆ ಕತ್ತಿ ಆಡಿಸತೊಡಗಿದ. ಒಳಗೆ ಗಂಡಿನ ತಾಯಿ ಕಮಲಾಕ್ಷಮ್ಮ, ಸೋದರಮಾವ ಮಂಚಯ್ಯ ಬಂದು ಕೂತರು. ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ಮಂಚಯ್ಯ, ತಮಟೆ ಗಂಟಲಿನವನು, "ಹುಡುಗಿ ಬಣ್ಣ ಒಂಚೂರು ಕಮ್ಮಿ ಆಯ್ತು" ಎಂದ.

ಹಿತ್ತಲಿಗೆ ಕೇಳಿಸಿತು. "ಯಾವನ್ಲಾ ಅವ್ನು!" ಎಂದು ಪಾಲಾಕ್ಷಯ್ಯ ಎಗರಿದ. ಕತ್ತಿ ಆಗ ಮೂಗಿನ ಕೆಳಗಿತ್ತು.

ಮೈಲಿಗೆ ಗೀಲಿಗೆ ಮರೆತು ನಡುಮನೆಗೆ ನುಗ್ಗಿದ. ಒಂದು ಕೆನ್ನೆಗೆ ನೊರೆ, ಬಲಗಡೆ ಮೀಸೆ ಕೊಂಬಿನ ಹಾಗೆ, ಎಡಗಡೆ ಬಟಾಬಯಲು. "ನನ್ ಮಗಳ ಬಣ್ಣಕ್ಕೆ..." ಎಂದು ಅವನು ಬಾಯಿ ತೆರೆದದ್ದೇ ನೀಲಗಂಗಮ್ಮ ಕಣ್ಣು ಮುಚ್ಚಿಕೊಂಡಳು. ಮುಗೀತು, ಈ ಗಂಡೂ ಹೋಯಿತು.

ಆದರೆ ಅವಳಿಗೆ ಕೇಳಿಸಿದ್ದು ನಗು. ಕಮಲಾಕ್ಷಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ರೇವಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ತನ್ನ ಸಿಟ್ಟಿಗೆ ಯಾರೂ ನಕ್ಕದ್ದನ್ನು ಕಂಡಿರದ ಪಾಲಾಕ್ಷಯ್ಯ ತೆರೆದ ಬಾಯಿ ಮುಚ್ಚದೆ ನಿಂತ. "ತಪ್ಪಾಯ್ತು ಬುದ್ಧಿ, ನೀವೇ ನೋಡ್ಕಳಿ" ಎಂದು ಹುಚ್ಚಯ್ಯ ಹಿತ್ತಲ ಬಾಗಿಲಿಂದಲೇ ಕನ್ನಡಿ ಚಾಚಿದ.

ನೋಡಿದ. ಕೆಂಡದ ಕಣ್ಣು, ಉಬ್ಬಿದ ಮೂಗು. ಸಿಟ್ಟು ಬಂದಾಗ ಅವನು ಎಂದೂ ಕನ್ನಡಿ ನೋಡಿಕೊಂಡವನಲ್ಲ.

"ಲೇ," ಎಂದ ಸಣ್ಣ ದನಿಯಲ್ಲಿ, "ನೀನು ದಿನಾ ನೋಡೋದು ಈ ಮುಖಾನಾ?"

"ಊಂ," ಎಂದಳು ನೀಲಗಂಗಮ್ಮ. "ಮೀಸೆ ಮಾತ್ರ ಎರಡು ಕಡೇನೂ ಇರ್ತಿತ್ತು."

ಕಮಲಾಕ್ಷಮ್ಮ ಕಣ್ಣೊರೆಸಿಕೊಂಡಳು. "ಮಗಳಿಗೋಸ್ಕರ ಅರ್ಧ ಮೀಸೇಲಿ ಓಡಿ ಬರೋ ಅಪ್ಪನ್ನ ನಾ ನೋಡಿರ್ಲಿಲ್ಲ. ಮಂಚಣ್ಣ, ನೀ ಬಾಯ್ಮುಚ್ಕೊಂಡಿರು. ಹೋಗಿ ಮಿಂದು ಬನ್ನಿ ಬೀಗ್ರೇ."

ಬೀಗ್ರೇ ಎಂದಳು! ನೀಲಗಂಗಮ್ಮ ಒಲೆ ಹಚ್ಚಲು ಓಡಿದಳು.

ಆಮೇಲೆ ಸಿಟ್ಟು ಹೋಯಿತೇ? ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಮೀಸೆ ಬೋಳಿಸಿದ ಮೇಲ್ದುಟಿ ಅದುರಿದ ಕೂಡಲೇ ಪಾಲಾಕ್ಷಯ್ಯ ತಾನೇ ಎದ್ದು ಹಿತ್ತಲಿಗೆ ಹೋಗಿ ಕೂರುವನು. "ಲೇ, ಹುಚ್ಚಯ್ಯನ್ನ ಕರೆಸೇ, ಸಿಟ್ಟು ಬತ್ತಾ ಐತೆ!" ಎಂದು ಕೂಗುವನು. ಗಡ್ಡ ನಿನ್ನೆ ತಾನೇ ತೆಗೆಸಿದ್ದರೂ ಸರಿ. ಹುಚ್ಚಯ್ಯ ಬಂದು ಬರೀ ನೊರೆ ಹಚ್ಚಿ ಕೂರಿಸುವನು, ನೀಲಗಂಗಮ್ಮ ನೀರು ಕಾಯಲಿಡುವಳು.