ಅಪ್ಪ ಬಂದರೆ ಏಳಬೇಕು

ನಂಬದವರು ಬರಲಿ, ಅಂಗಿ ಎತ್ತಿ ಬೆನ್ನು ತೋರಿಸುತ್ತೇನೆ. ಎಡ ಭುಜದಿಂದ ಸೊಂಟದವರೆಗೆ ಒಂದು ಗೆರೆ ಇದೆ. ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಒಂದು ಆಸ್ಪತ್ರೆಯ ಕೋಣೆಯಲ್ಲಿ ಬಿದ್ದದ್ದು ಅದು. ಆಗ ಅಲ್ಲಿದ್ದವರು ಇಬ್ಬರೇ... ನಾನು ಮತ್ತು ನನ್ನ ತಮ್ಮ ಶಿವು. ಅವನಂತೂ ಹೊಡೆಯಲಿಲ್ಲ.

ಶಿವುವಿನ ಮನೆ ಹರಿಹರದಲ್ಲಿ, ಕೆಲಸ ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ. ಅವತ್ತು ಸಂಜೆ ಮನೆಗೆ ಬಂದು ಮುಖ ತೊಳೆಯುವಾಗ, "ಯಾರೋ ಹಿಂದಿಂದ ತಲಿಗೆ ಹೊಡೆದ್ರು!" ಎಂದು ಚೀರಿ ಬಿದ್ದನಂತೆ. ಹಿಂದೆ ಯಾರೂ ಇರಲಿಲ್ಲ. ದಾವಣಗೆರೆಯ ವಿನೋಬನಗರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ನಾನು ಸುದ್ದಿ ಬಂದದ್ದೇ ಟೆಂಪೋ ಮಾಡಿಕೊಂಡು ಓಡಿದೆ, ಅವನನ್ನು ದಾವಣಗೆರೆಗೆ ತಂದು ಸೇರಿಸಿದೆ.

ತಲೆಯ ಫೋಟೋಗಳನ್ನೆಲ್ಲ ತೆಗೆಸಿದ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ಮೆದುಳಿನ ರಕ್ತನಾಳದ ಒಳಪದರ ಸೀಳೈತ್ರಿ. ಆ ಸೀಳಿನಾಗೆ ರಕ್ತ ನುಗ್ಗಿ, ಗೋಡೆ ಉಬ್ಬಿ ಒಡೆದೈತೆ. ಈಗ ಹೆಪ್ಪುಗಟ್ಟಿ ನಿಂತೈತೆ ಅಷ್ಟೆ. ಇನ್ನೊಂದ್ಸಲ ಒಡೆದ್ರೆ ಉಳಿಯೋದು ಕಷ್ಟ. ನಾಳೆ ಬೆಳಗ್ಗೆ ಹುಬ್ಬಳ್ಳಿಯಿಂದ ಸರ್ಜನ್ ಬಂದು ಆ ನಾಳಕ್ಕೆ ಎರಡೂ ಕಡೆ ಕ್ಲಿಪ್ ಹಾಕಿ ಮುಚ್ತಾರೆ. ಅಲ್ಲೀತನಕ ನಿಮ್ಮ ತಮ್ಮ ತಲೆ ಎತ್ತಬಾರ್ದು. ಸಿಟ್ಟು ಬ್ಯಾಡ, ಗಾಬರಿ ಬ್ಯಾಡ. ನೋಡೋಕೆ ಬಂದೋರನ್ನ ಒಳಗೆ ಬಿಡಬ್ಯಾಡ್ರಿ."

ಬಂದ ನೆಂಟರನ್ನೆಲ್ಲ ಬೈದು ಕಳಿಸಿದೆ. ನನ್ನ ಬಾಯಿ ಮೊದಲೇ ಜೋರು. ಯಾರೇ ದೊಡ್ಡವರು ಬಂದರೂ ಶಿವು ಎದ್ದು ಕೂರಲು ನೋಡುತ್ತಿದ್ದ. ನಮ್ಮನ್ನು ಬೆಳೆಸಿದ್ದೇ ಹಾಗೆ. ನಮ್ಮೂರು ನಂದಿಗುಡಿಯ ಮನೆಯಲ್ಲಿ ಅಪ್ಪ ಒಳಗೆ ಕಾಲಿಟ್ಟರೆ ಉಣ್ಣುವ ತಟ್ಟೆ ಬಿಟ್ಟು ಏಳಬೇಕಿತ್ತು. ತಡವಾದರೆ ಎತ್ತಿಗೆ ಹೊಡೆಯುವ ಬಾರುಕೋಲಿನಿಂದಲೇ ನಮಗೂ ಬೀಳುತ್ತಿತ್ತು. ಅಪ್ಪ ಸತ್ತು ಮಣ್ಣು ಮಾಡಿದ ದಿನ ನಾನು ಅಳಲಿಲ್ಲ, ಸುಳ್ಳೇಕೆ ಹೇಳಲಿ.

ರಾತ್ರಿ ದೀಪ ಆರಿಸಿ, ಮುಚ್ಚಿದ ಬಾಗಿಲಿಗೆ ಕುರ್ಚಿ ಒತ್ತಿ ಕೂತೆ. ಫಿನೈಲ್ ವಾಸನೆ... ಅದರ ಜೊತೆ ಮೆಲ್ಲಗೆ ನಶ್ಯದ ವಾಸನೆ, ಎತ್ತಿನ ಬೆವರಿನ ವಾಸನೆ. ಹೊರಗೆ ತೊಗಲಿನ ಚಪ್ಪಲಿಯ ಸದ್ದು.

ಕಿರ್ರ್... ಕಿರ್ರ್...

ಬಾಗಿಲು ತೆರೆಯಲಿಲ್ಲ. ಸದ್ದು ಮಾತ್ರ ನನ್ನನ್ನು ದಾಟಿ ಮಂಚದ ಹತ್ತಿರ ಹೋಗಿ ನಿಂತಿತು.

"ಅಣ್ಣ... ಅಪ್ಪ ಬಂದಾನ," ಎಂದ ಶಿವು.

"ಯಾರೂ ಇಲ್ಲ, ಸುಮ್ನೆ ಮಲಕ್ಕೋ."

"ನಿಂತಾನ ಅಣ್ಣ. ಕೈಯಾಗ ಬಾರುಕೋಲು ಐತೆ. ಏಳಬೇಕು..."

ಓಡಿ ಹೋಗಿ ಅವನ ಭುಜ ಒತ್ತಿ ಹಿಡಿದೆ. ಅಬ್ಬಾ, ಅದೆಲ್ಲಿಯ ಶಕ್ತಿ! ಕಚ್ಚಿದ, ಒದ್ದ, ತಲೆಯಿಂದ ಗುದ್ದಿದ. ನನ್ನ ತುಟಿ ಒಡೆದು ರಕ್ತ ಅವನ ಮುಖಕ್ಕೆ ಸುರಿಯಿತು. ಸಲೈನ್ ಸ್ಟ್ಯಾಂಡು ಧಡಾರನೆ ಬಿತ್ತು. ಅವನ ಕುತ್ತಿಗೆಯ ನರ ಉಬ್ಬಿ ಹೊಡೆದುಕೊಳ್ಳುತ್ತಿತ್ತು. ಈಗ ಒಡೆಯುತ್ತದೆ... ಈಗ ಒಡೆಯುತ್ತದೆ...

"ಬಿಡೋ ಅಣ್ಣ! ಹೊಡಿತಾನ!"

ನಾನು ಅವನ ಮೇಲೆ ಬೋರಲು ಬಿದ್ದು ಒದರಿದೆ. "ಏಳಲ್ಲ ಅವನು! ಹೊಡಿಯೋದಾದ್ರೆ ನಂಗೆ ಹೊಡಿ!"

ಅಪ್ಪನಿಗೆ ಎದುರು ಮಾತಾಡಿದ್ದು ಜನ್ಮದಲ್ಲಿ ಅದೇ ಮೊದಲು.

ಸುಯ್ಯ್...

ಬೆನ್ನಿಗೆ ಬೆಂಕಿ ಬಿದ್ದಂತಾಯಿತು. ಆ ಏಟು ನನಗೆ ಚಿಕ್ಕಂದಿನಿಂದ ಗೊತ್ತು.

ಸಿಸ್ಟರ್ ಓಡಿ ಬಂದು ದೀಪ ಹಾಕಿದಾಗ ಶಿವು ನನ್ನ ಕೆಳಗೆ ಕೂಸಿನಂತೆ ನಿದ್ದೆ ಹೋಗಿದ್ದ. ಆಕೆ ಅವನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, "ಏನೂ ಆಗಿಲ್ಲ ಬಿಡ್ರಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ ಬೆಚ್ಚಿದಳು. "ಅಯ್ಯೋ, ಅಂಗಿ ಹರಿದು ರಕ್ತ ಬರಾಕತ್ತೈತಲ್ರಿ! ಯಾರು ಹೊಡೆದ್ರು?"

ಬೆಳಗ್ಗೆ ಆಪರೇಷನ್ ಆಯಿತು. ಶಿವು ಬದುಕಿದ. ಒಂದು ಕೈಗೆ ಸ್ವಲ್ಪ ಬಲ ಕಮ್ಮಿ, ಅಷ್ಟೇ. ಆ ರಾತ್ರಿಯದು ಅವನಿಗೇನೂ ನೆನಪಿಲ್ಲ. ಹರಿಹರದಲ್ಲಿ ಹೆಂಡತಿ ಮಕ್ಕಳ ಜೊತೆ ನೆಮ್ಮದಿಯಾಗಿದ್ದಾನೆ.

ನನ್ನ ಮನೆಯಲ್ಲಿ ಮಾತ್ರ ಕೆಲವು ರಾತ್ರಿ ನಶ್ಯದ ವಾಸನೆ ಬರುತ್ತದೆ. ಕಿರ್ರ್... ಕಿರ್ರ್... ಬಂದು ಮಂಚದ ಹತ್ತಿರ ನಿಲ್ಲುತ್ತದೆ. ನಾನು ತಕ್ಷಣ ಎದ್ದು ನಿಲ್ಲುತ್ತೇನೆ.

"ಯಾಕ್ರಿ, ಕತ್ಲಾಗೆ ಹಿಂಗ್ ನಿಂತೀರಿ?" ಎಂದು ಹೆಂಡತಿ ಕೇಳುತ್ತಾಳೆ.

ನಾನು ಏಳದಿದ್ದರೆ ಅಪ್ಪ ಹರಿಹರಕ್ಕೆ ಹೋಗುತ್ತಾನೆ.