ಸ್ಟೌ ಗಂಗಮ್ಮನ ಬರ್ನರ್

ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಇಬ್ಬರು ಗಂಗಮ್ಮಂದಿರಿದ್ದಾರೆ. ಹಾಲು ಹಾಕುವವರು ಹಾಲು ಗಂಗಮ್ಮ, ಸ್ಟೌ ರಿಪೇರಿ ಮಾಡುವವರು ಸ್ಟೌ ಗಂಗಮ್ಮ. ಈ ಎರಡನೆಯವರ ಪೂರ್ತಿ ಹೆಸರು ಚಿಕ್ಕಗಂಗಮ್ಮ, ವಯಸ್ಸು ಐವತ್ತನಾಲ್ಕು. ನಾನು ಅವರ ಎದುರು ಮನೆಯ ಲತಾ. ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೊಂಬತ್ತು ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿ ನಿವೃತ್ತಳಾದವಳು. ಅಷ್ಟು ವರ್ಷಗಳಲ್ಲಿ ನನ್ನ ಕೈಕೆಳಗೆ ಕಲಿತವರು ಯಾರೂ ಮಾಡದ ಕೆಲಸವನ್ನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಹೆಂಗಸು ನನ್ನ ಕಣ್ಣೆದುರೇ ಮಾಡಿದರು.

ಗಂಗಮ್ಮನ ತಂದೆ ನಾರಾಯಣಪ್ಪ ಸೈಕಲ್ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು, ಮಾಗಡಿ ರಸ್ತೆಯಿಂದ ವಿಜಯನಗರದ ತನಕ "ಸ್ಟೌ ರಿಪೇರೀ..." ಎಂದು ಕೂಗಿಕೊಂಡು ತಿರುಗುತ್ತಿದ್ದವರು. ಮಗಳು ಹತ್ತು ವರ್ಷದವಳಿದ್ದಾಗಲೇ ಬರ್ನರಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಮಸಿ ಬಿಡಿಸುವುದನ್ನು ಕಲಿತಿದ್ದಳು. ಮುಂದೆ ನಾರಾಯಣಪ್ಪನ ಕಣ್ಣು ಮಂಜಾದಾಗ ಪೆಟ್ಟಿಗೆ ಮಗಳ ಕೈಗೆ ಬಂತು. ಲಗೇಜ್ ಆಟೋ ಓಡಿಸುವ ರಾಮಯ್ಯನನ್ನು ಮದುವೆಯಾದ ಮೇಲೂ ಆಕೆ ಅದನ್ನು ಕೆಳಗಿಡಲಿಲ್ಲ. ಹೆಂಗಸು ಸ್ಟೌ ರಿಪೇರಿ ಮಾಡುವುದೇ ಎಂದು ನಕ್ಕವರೂ ತಮ್ಮ ಸ್ಟೌ ಕೆಟ್ಟಾಗ ಅವರ ಮನೆ ಬಾಗಿಲಿಗೇ ಬರುತ್ತಿದ್ದರು.

ಆಮೇಲೆ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ನಿಂತಿತು. ಮನೆಮನೆಯ ಪಂಪ್ ಸ್ಟೌಗಳು ಅಟ್ಟ ಸೇರಿದವು. ಗಂಗಮ್ಮ ಒಂದು ತಿಂಗಳು ಕೈಕಟ್ಟಿ ಕೂತರು. ಆಮೇಲೆ ಗ್ಯಾಸ್ ಒಲೆ ಬಿಚ್ಚುವುದನ್ನು ತಾವೇ ಕಲಿತು, ಕಲ್ಯಾಣ ಮಂಟಪಗಳ ದೊಡ್ಡ ಒಲೆಗಳನ್ನೂ ರಿಪೇರಿ ಮಾಡತೊಡಗಿದರು. ಹಾಗೆ ಒಂದು ದಿನ ಕಾಮಾಕ್ಷಿಪಾಳ್ಯದ ಸಿದ್ದೇಶನ ಶೆಡ್ಡಿಗೆ ಹೋದರು. ಕೆಲಸದವರು ಟೀ ಕಾಯಿಸುವ ಗ್ಯಾಸ್ ಒಲೆ ಕೆಟ್ಟಿತ್ತು.

ಸಿದ್ದೇಶನದು ಅಲ್ಯೂಮಿನಿಯಂ ಕರಗಿಸಿ ಎರಕ ಹುಯ್ಯುವ ಕೆಲಸ. ಪಂಪ್‌ಸೆಟ್ಟಿನ ಮುಚ್ಚಳ, ಫ್ಯಾನಿನ ಬಿಡಿಭಾಗ ಇಂಥವು. ಹನ್ನೊಂದು ಜನ ಕೆಲಸದವರು. ಕುಲುಮೆ ಉರಿಯುವುದು ಫರ್ನೆಸ್ ಆಯಿಲ್‌ನಿಂದ. ಬೆಲ್ಲದ ಪಾಕದಷ್ಟು ಮಂದವಾದ ಕಪ್ಪು ಎಣ್ಣೆ ಅದು. ಆವತ್ತು ಶೆಡ್ಡಿನ ಚಿಮಣಿ ಎಮ್ಮೆ ಬಣ್ಣದ ಹೊಗೆ ಕಾರುತ್ತಿತ್ತು. ಅಕ್ಕಪಕ್ಕದ ಮನೆಗಳವರು ಒಣಹಾಕಿದ ಬಟ್ಟೆಯೆಲ್ಲ ಮಸಿಯಾಗುತ್ತದೆಂದು ದೂರು ಕೊಟ್ಟಿದ್ದರು. ಎರಡು ತಿಂಗಳಲ್ಲಿ ಹೊಗೆ ನಿಲ್ಲಿಸದಿದ್ದರೆ ಬೀಗ ಹಾಕುತ್ತೇವೆ ಎಂದು ಮಾಲಿನ್ಯ ನಿಯಂತ್ರಣದವರ ನೋಟಿಸೂ ಬಂದಿತ್ತು.

"ಯಾಕ್ ಸಾರ್ ಇಷ್ಟೊಂದು ಹೊಗೆ?" ಎಂದರು ಗಂಗಮ್ಮ.

"ಒಬ್ಬ ಆಯಿಲ್ ಸರಿಯಿಲ್ಲ ಅಂತಾನೆ, ಇನ್ನೊಬ್ಬ ಬರ್ನರ್ ಸರಿಯಿಲ್ಲ ಅಂತಾನೆ. ನೀವು ಗ್ಯಾಸ್ ಒಲೆ ನೋಡಿ ಗಂಗಮ್ಮೋರೆ."

ಗಂಗಮ್ಮ ಗ್ಯಾಸ್ ಒಲೆ ನೋಡಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಲುಮೆಯ ಮುಂದೆ ಹತ್ತು ನಿಮಿಷ ನಿಂತರು.

"ಎಣ್ಣೆ ತಣ್ಣಗಿದೆ ಸಾರ್. ದಪ್ಪದಪ್ಪ ಹನಿ ಬೀಳ್ತಾ ಇದೆ. ಅರ್ಧ ಉರಿಯುತ್ತೆ, ಅರ್ಧ ಹೊಗೆ ಆಗುತ್ತೆ. ಪಂಪ್ ಸ್ಟೌನಲ್ಲಿ ಮೊದ್ಲು ಬರ್ನರ್ ಕಾಯಿಸಲ್ವಾ? ಕಾಯಿಸ್ದೆ ಪಂಪ್ ಹೊಡೆದ್ರೆ ಹಿಂಗೇ ಆಗೋದು."

ಸಿದ್ದೇಶ ನಕ್ಕ. "ಇದು ಸ್ಟೌ ಅಲ್ಲಮ್ಮ, ಫರ್ನೆಸ್ಸು."

"ದೊಡ್ಡ ಸ್ಟೌವೇ ತಾನೇ ಸಾರ್," ಎಂದರು ಗಂಗಮ್ಮ. ನಗಲಿಲ್ಲ.

ಬೇರೆ ದಾರಿ ಇಲ್ಲದ ಸಿದ್ದೇಶ ಒಪ್ಪಿಕೊಂಡ. ಶೆಡ್ಡಿನ ಹಿಂದೆ ಬಳಸದೆ ಬಿದ್ದಿದ್ದ ಸಣ್ಣ ಕುಲುಮೆಯೊಂದಿತ್ತು. ಅದರ ಮೇಲೆ ಏನು ಬೇಕಾದರೂ ಪ್ರಯೋಗ ಮಾಡಿಕೊಳ್ಳಿ ಎಂದ.

ಗಂಗಮ್ಮ ಮೊದಲು ಕಟ್ಟಿದ ಬರ್ನರ್ ಅಪ್ಪಟ ಪಂಪ್ ಸ್ಟೌವಿನ ಲೆಕ್ಕದ್ದು. ಉಕ್ಕಿನ ಸಣ್ಣ ಕೊಳವೆಯನ್ನು ಸ್ಪ್ರಿಂಗಿನ ಹಾಗೆ ಏಳು ಸುತ್ತು ಸುತ್ತಿ, ಉರಿಯ ಬಾಯಿಗೇ ಇಟ್ಟರು. ಒಳಗೆ ಹರಿಯುವ ಎಣ್ಣೆ ತನ್ನ ಉರಿಯಿಂದ ತಾನೇ ಕಾದು, ತೆಳ್ಳಗಾಗಿ, ತುದಿಯ ತೂತಿನಿಂದ ಚಿಮ್ಮಬೇಕು. ಹಚ್ಚಿದ ದಿನ ಅದು ಭೋರೆಂದು ಉರಿಯಿತು. ಕೆಲಸದವರೆಲ್ಲ ಚಪ್ಪಾಳೆ ತಟ್ಟಿದರು. ಮೂರನೆಯ ದಿನ ಉರಿ ಸಣ್ಣಗಾಯಿತು. ಏನಾಯಿತೆಂದು ಗಂಗಮ್ಮ ಬಗ್ಗಿ ನೋಡುವಷ್ಟರಲ್ಲಿ ಕಟ್ಟಿಕೊಂಡಿದ್ದ ಎಣ್ಣೆ ಒಮ್ಮೆಲೇ ಸಿಡಿದು ಜ್ವಾಲೆ ಹೊರಗೆ ನುಗ್ಗಿತು. ಹುಬ್ಬು ಸುಟ್ಟಿತು, ಬಲಗೈ ಮೊಣಕೈವರೆಗೆ ಬೊಬ್ಬೆ ಎದ್ದಿತು.

ಸಿದ್ದೇಶ ಹೆದರಿಬಿಟ್ಟ. "ಬೇಡ ಗಂಗಮ್ಮೋರೆ, ನಿಮ್ಮ ಜೀವಕ್ಕಿಂತ ಶೆಡ್ಡು ದೊಡ್ಡದಲ್ಲ," ಎಂದ. ರಾಮಯ್ಯ ಅವರನ್ನು ಆಸ್ಪತ್ರೆಗೆ ಕರೆದೊಯ್ದು ಮನೆಗೆ ಕರೆತಂದ. ಬಂದ ಮೇಲೆ ಒಂದೇ ಮಾತು ಹೇಳಿದ: "ಇನ್ಮೇಲೆ ಆ ಕಡೆ ಹೋಗ್ಬೇಡ."

"ಯಾಕ್ ಹಿಂಗಾಯ್ತು ಅಂತ ಗೊತ್ತಾಗ್ದೆ ಹೆಂಗ್ರೀ ಬಿಡ್ಲಿ?" ಎಂದರು ಗಂಗಮ್ಮ.

ಎರಡು ವಾರ ಕಳೆದು ಕೈ ಒಣಗುತ್ತಿದ್ದಂತೆ ರಾಮಯ್ಯನೇ ಆ ಕೊಳವೆಯನ್ನು ಶೆಡ್ಡಿನಿಂದ ಆಟೋದಲ್ಲಿ ಹೊತ್ತು ತಂದ. ನಮ್ಮ ಮನೆಯ ಜಗಲಿಯ ಮೇಲೆ ಅವನು ಕೊಳವೆಯನ್ನು ಗಟ್ಟಿಯಾಗಿ ಹಿಡಿದುಕೊಂಡ, ಗಂಗಮ್ಮ ಎಡಗೈಯಲ್ಲಿ ಗರಗಸ ಹಿಡಿದು ಸುತ್ತು ಸುತ್ತನ್ನೂ ಉದ್ದಕ್ಕೆ ಸೀಳಿದರು. ನಾನು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತೆ. ಮೊದಲ ಐದು ಸುತ್ತುಗಳ ಒಳಗೆ ಎಣ್ಣೆಯ ಪಸೆ ಬಿಟ್ಟರೆ ಏನೂ ಇರಲಿಲ್ಲ. ಉರಿಗೆ ತೀರಾ ಹತ್ತಿರವಿದ್ದ ಕೊನೆಯ ಎರಡು ಸುತ್ತುಗಳಲ್ಲಿ ಮಾತ್ರ ಮಸಿ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಪಿನ್ನು ಬಿಡಿ, ಮೊಳೆಯೂ ಇಳಿಯಲಿಲ್ಲ.

ಗಂಗಮ್ಮ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೇಳಿದರು: "ಅಪ್ಪ ಹೇಳ್ಕೊಟ್ಟಿದ್ದು ಸೀಮೆಎಣ್ಣೆಗೆ ಸರಿ ಮೇಡಂ. ಅದನ್ನ ಎಷ್ಟು ಕಾಯಿಸಿದ್ರೂ ಆವಿ ಆಗುತ್ತೆ. ಇದು ಬೇರೆ ಜಾತಿ ಎಣ್ಣೆ. ಇದು ಬಿಸಿ ಆಗ್ಬೇಕು, ಸೀಯಬಾರ್ದು."

ನಲವತ್ತು ವರ್ಷ ನಂಬಿಕೊಂಡು ಬಂದ ಪಾಠವನ್ನು ಒಂದು ಬೆಳಗಿನಲ್ಲಿ ಹೀಗೆ ಪಕ್ಕಕ್ಕಿಡುವುದು ಸುಲಭವಲ್ಲ. ನಾನಾಗಿದ್ದರೆ ಎಣ್ಣೆಯನ್ನೋ ಕೊಳವೆಯನ್ನೋ ಬೈಯುತ್ತಿದ್ದೆನೇನೋ.

ಎರಡನೆಯ ಬರ್ನರಿಗೆ ಐದೇ ಸುತ್ತು. ಅದೂ ಉರಿಯ ಒಳಗಲ್ಲ, ಬರ್ನರಿನ ಕೊರಳಿನ ಹೊರಗೆ, ಕಾವು ತಗಲುವಷ್ಟು ಹತ್ತಿರ. ಕುಲುಮೆಯ ಬ್ಲೋವರ್ ಊದುವ ಗಾಳಿ ನೇರವಾಗಿ ನುಗ್ಗುವ ಬದಲು ಓರೆಯಾಗಿ ಬಂದು ಎಣ್ಣೆಯನ್ನು ಸುಳಿಯ ಹಾಗೆ ತಿರುಗಿಸಬೇಕು. ಆ ಓರೆ ಎಷ್ಟಿರಬೇಕೆಂದು ಕಂಡುಹಿಡಿಯುವುದಕ್ಕೇ ಮೂರು ವಾರ ಹಿಡಿಯಿತು. ಗಂಗಮ್ಮ ಗಾಳಿ ಕೊಳವೆಯ ಬಾಯಿಗೆ ಜೇಡಿಮಣ್ಣು ಮೆತ್ತಿ ದಾರಿ ತಿರುಗಿಸುವುದು, ಹಚ್ಚಿ ನೋಡುವುದು, ಆರಿಸುವುದು, ಮಣ್ಣು ಕೆರೆದು ಮತ್ತೆ ಮೆತ್ತುವುದು. ಆರಿಸುವುದಕ್ಕೂ ಕ್ರಮ ಮಾಡಿದರು: ಮೊದಲು ಎಣ್ಣೆ ನಿಲ್ಲಿಸಿ, ಕೊಳವೆಯಲ್ಲಿ ಉಳಿದದ್ದು ಸೀದುಹೋಗದಂತೆ ಗಾಳಿಯನ್ನು ಹತ್ತು ನಿಮಿಷ ಹಾಗೇ ಬಿಡಬೇಕು.

ನೋಟಿಸಿನ ಗಡುವಿಗೆ ನಾಲ್ಕು ದಿನ ಇರುವಾಗ ದೊಡ್ಡ ಕುಲುಮೆಗೆ ಹೊಸ ಬರ್ನರ್ ಕೂಡಿಸಿದರು. ಗಡುವಿನ ದಿನ ಪರೀಕ್ಷೆಗೆ ಬಂದ ಅಧಿಕಾರಿ ಅಂಗಳದಲ್ಲಿ ನಿಂತು ಚಿಮಣಿಯನ್ನೇ ನೋಡುತ್ತ, "ಏನ್ರೀ, ನಾವು ಬರ್ತೀವಿ ಅಂತ ಕೆಲ್ಸ ನಿಲ್ಲಿಸಿಬಿಟ್ರಾ? ಹಚ್ರೀ, ನೋಡೋಣ," ಎಂದರು.

"ಬೆಳಿಗ್ಗೆ ಎಂಟರಿಂದ ಉರೀತಾ ಇದೆ ಸಾರ್," ಎಂದು ಸಿದ್ದೇಶ ಅವರನ್ನು ಒಳಗೆ ಕರೆದುಕೊಂಡು ಹೋಗಿ ಕುಲುಮೆಯ ಬಾಯಿ ತೋರಿಸಿದ. ಒಳಗೆ ಬಿಳಿ ಹಳದಿ ಉರಿ ಗಿರಗಿರನೆ ತಿರುಗುತ್ತಿತ್ತು. ಅಧಿಕಾರಿ ಹೊರಗೆ ಬಂದು ಮತ್ತೊಮ್ಮೆ ಚಿಮಣಿ ನೋಡಿದರು. ಅದರ ತುದಿಯಲ್ಲಿ ಬರೀ ಬಿಸಿಗಾಳಿ ನಡುಗುತ್ತಿತ್ತು. ಈ ಕಥೆಯನ್ನು ಗಂಗಮ್ಮ ನಮ್ಮ ಬೀದಿಯಲ್ಲಿ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ಅಧಿಕಾರಿಯ ಹಾಗೆ ಕತ್ತು ಎತ್ತಿ ತೋರಿಸುತ್ತಿದ್ದರು.

ಆದರೆ ಸುದ್ದಿ ಹಬ್ಬಿದಾಗ ಸಿದ್ದೇಶನಿಗೆ ಆಸೆ ಹುಟ್ಟಿತು. ಕೆಂಗೇರಿ ಆಚೆ ಕುಂಬಳಗೋಡಿನಲ್ಲಿ ಕರಿಬಸಪ್ಪ ಎಂಬ ಹಿರಿಯರ ದೊಡ್ಡ ಎರಕದ ಕಾರ್ಖಾನೆಯಿದೆ. ಅವರು ನಾಲ್ಕು ಬರ್ನರ್ ಬೇಕೆಂದರು. ಡಿಸೈನ್ ತನ್ನದೇ ಎಂದು ಹೇಳಿದ ಸಿದ್ದೇಶ, ಗಂಗಮ್ಮನಿಗೆ ತಿಳಿಸದೆ ಬೇರೊಂದು ವರ್ಕ್‌ಶಾಪಿನಲ್ಲಿ ಮಾಡಿಸಿದ. ಅವನ್ನು ಸಾಗಿಸಲು ವರ್ಕ್‌ಶಾಪಿನವರು ಕರೆದ ಲಗೇಜ್ ಆಟೋ ರಾಮಯ್ಯನದೇ ಆಗಿತ್ತು.

ರಾಮಯ್ಯ ಮನೆಗೆ ಬಂದು ಕೋಪದಿಂದ ವಿಷಯ ಹೇಳುವಾಗ ನಾನು ಅಲ್ಲೇ ಇದ್ದೆ. ಗಂಗಮ್ಮನ ಮುಖ ಕಪ್ಪಿಟ್ಟಿತು. ಆದರೂ ಬಾಯಿಂದ ಮೊದಲು ಬಂದ ಪ್ರಶ್ನೆ, "ಎಷ್ಟು ಸುತ್ತಿತ್ತು?"

"ಎಂಟೋ ಒಂಬತ್ತೋ ಇತ್ತಪ್ಪ."

"ಹಂಗಾದ್ರೆ ವಾರದೊಳಗೆ ಕಟ್ಕೊಳ್ಳುತ್ತೆ ಬಿಡಿ," ಎಂದು ಅನ್ನಕ್ಕೆ ಅಕ್ಕಿ ತೊಳೆಯಲು ಎದ್ದರು. 

ಐದನೆಯ ದಿನ ಬೆಳಿಗ್ಗೆ ಸಿದ್ದೇಶ ಬಾಗಿಲಲ್ಲಿ ನಿಂತಿದ್ದ. ನಾಲ್ಕರಲ್ಲಿ ಮೂರು ಬರ್ನರ್ ಕಟ್ಟಿಕೊಂಡಿದ್ದವು.

"ತಪ್ಪಾಯ್ತು ಗಂಗಮ್ಮೋರೆ. ಒಂದ್ಸಲ ಬಂದು ನೋಡಿ. ಕೈ ಮುಗೀತೀನಿ."

"ಬರ್ತೀನಿ. ಆದ್ರೆ ಇದನ್ನ ಮಾಡಿದ್ದು ಯಾರು ಅಂತ ಅಲ್ಲಿ ನೀವೇ ಹೇಳ್ಬೇಕು. ಎಲ್ಲರ ಮುಂದೆ."

ಸಿದ್ದೇಶ ತಲೆ ಆಡಿಸಿದ. ಗಂಗಮ್ಮ ನನ್ನ ಕಡೆ ತಿರುಗಿ, "ಮೇಡಂ, ನೀವೂ ಬನ್ನಿ. ಅಲ್ಲಿ ಓದಿದೋರು ಇರ್ತಾರೆ," ಎಂದರು. ರಾಮಯ್ಯನ ಆಟೋದಲ್ಲಿ ಮೈಸೂರು ರಸ್ತೆ ಹಿಡಿದು ಹೊರಟೆವು. ದಾರಿಯುದ್ದಕ್ಕೂ ಗಂಗಮ್ಮ ತಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕೊಂಡಿಯನ್ನು ತೆಗೆದು ಹಾಕುತ್ತಿದ್ದರು. ಹೆದರಿದ್ದಾರೆಂದು ನನಗೆ ಗೊತ್ತಿತ್ತು.

ಕರಿಬಸಪ್ಪನವರಿಗೆ ಎಪ್ಪತ್ತು ದಾಟಿದೆ. ಮಾತು ಒರಟು. "ಏನಪ್ಪಾ ಸಿದ್ದೇಶ, ರಿಪೇರಿಗೆ ಯಾರನ್ನ ಕರ್ಕೊಂಡು ಬಂದೆ?" ಎಂದರು. ಅವರ ಎಂಜಿನಿಯರು, ಏಳೆಂಟು ಕೆಲಸದವರು ಸುತ್ತ ನಿಂತಿದ್ದರು.

ಸಿದ್ದೇಶ ಗಂಗಮ್ಮನನ್ನು ಮುಂದೆ ಕರೆದ. "ರಿಪೇರಿಗಲ್ಲ ಸಾರ್. ಡಿಸೈನ್ ಇವರದು. ನಂದು ಅಂತ ಸುಳ್ಳು ಹೇಳ್ದೆ. ಸುತ್ತು ಜಾಸ್ತಿ ಆದ್ರೆ ಇನ್ನೂ ಚೆನ್ನಾಗಿ ಉರಿಯುತ್ತೆ ಅಂತ ಅದನ್ನ ಕೆಡಿಸಿದ್ದೂ ನಾನೇ."

 ಗಂಗಮ್ಮ ಸೆರಗು ಸಿಕ್ಕಿಸಿಕೊಂಡು, ಕಟ್ಟಿಕೊಂಡ ಕೊಳವೆಯೊಂದನ್ನು ಅಲ್ಲೇ ಸೀಳಿ ಎಲ್ಲರಿಗೂ ತೋರಿಸಿದರು. ಹೆಚ್ಚಿನ ಸುತ್ತುಗಳನ್ನು ಕತ್ತರಿಸಿ, ಉಳಿದ ಐದನ್ನು ಹೊರಗೆ ಸರಿಸಿ ಕೂಡಿಸಿದರು. ಎಂಜಿನಿಯರಿಗೆ ಸಮಾಧಾನವಿಲ್ಲ.

"ಎಣ್ಣೆ ಎಷ್ಟು ಡಿಗ್ರಿಗೆ ಬರ್ಬೇಕು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?"

"ಡಿಗ್ರಿ ನಂಗೊತ್ತಿಲ್ಲ ಸಾರ್. ಕೊಳವೆ ಮೇಲೆ ನೀರು ಚಿಮುಕಿಸಿದ್ರೆ ಚುಯ್ ಅಂತ ಆರ್ಬೇಕು. ಹನಿ ಗುಂಡಗೆ ನಿಂತು ಕುಣಿದ್ರೆ ಬಿಸಿ ಜಾಸ್ತಿ ಅಂತ."

ಆತ ಹೋಗಿ ಥರ್ಮಾಮೀಟರ್ ತಂದ. ಬರ್ನರ್ ಹಚ್ಚಿ ಅರ್ಧ ಗಂಟೆಯಾದ ಮೇಲೆ ಗಂಗಮ್ಮ ನೀರು ಚಿಮುಕಿಸಿ, "ಈಗ ಸರಿಯಿದೆ," ಎಂದರು. ಆತ ಕೊಳವೆಗೆ ಮುಟ್ಟಿಸಿ ನೋಡಿದ: ನೂರ ಹನ್ನೆರಡು. ಪುಸ್ತಕದಲ್ಲಿ ಹೇಳುವುದೂ ಹೆಚ್ಚು ಕಡಿಮೆ ಅಷ್ಟೇ. ಆತ ನಗುತ್ತ ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡು, "ಆರಿಸೋ ಕ್ರಮ ಇನ್ನೊಂದ್ಸಲ ಹೇಳ್ಕೊಡಿ ಅಮ್ಮಾ, ಬರ್ಕೊಳ್ತೀನಿ," ಎಂದ.  ಮೇಷ್ಟರಾಗಿದ್ದವರಿಗೆ ಅಂಥ ವಿದ್ಯಾರ್ಥಿಯನ್ನು ಕಂಡರೂ ಸಂತೋಷ, ಅಂಥ ಗುರುವನ್ನು ಕಂಡರೂ ಸಂತೋಷ.

ಕರಿಬಸಪ್ಪನವರು ಉರಿಯನ್ನು ಬಹಳ ಹೊತ್ತು ನೋಡಿದರು. "ಇನ್ನೂ ಆರು ಬೇಕು. ನಿಮ್ಮ ಕೈಯಲ್ಲೇ ಆಗ್ಬೇಕು. ಜೊತೆಗೆ ನಿಮ್ಮ ಹೆಸರಲ್ಲಿ ಒಂದು ಡ್ರಾಯಿಂಗ್ ಕೊಡಿ," ಎಂದರು.

ಆ ಡ್ರಾಯಿಂಗ್ ಮಾಡುವ ಭಾಗ್ಯ ನನ್ನದಾಯಿತು. ಒಂಬತ್ತು ದಿನ ಗಂಗಮ್ಮ ನಮ್ಮ ಊಟದ ಮೇಜಿನ ಪಕ್ಕ ಕೂತು ಅಳತೆ ಹೇಳಿದರು. ನನ್ನ ತಪ್ಪನ್ನೂ ಹಿಡಿದರು: "ಗಾಳಿ ಕೊಳವೆ ಇನ್ನೊಂಚೂರು ಓರೆ ಮೇಡಂ, ಹಿಂಗಿದ್ರೆ ಸುಳಿ ಏಳಲ್ಲ." ಕೊನೆಗೆ ಹಾಳೆಯ ಬಲ ಮೂಲೆಯಲ್ಲಿ 'ವಿನ್ಯಾಸ' ಎಂದು ಬರೆದು, ಮುಂದೆ ಗಂಗಮ್ಮ ಎಂದು ಹಾಕಲು ಹೋದೆ.

"ಚಿಕ್ಕ ಅನ್ನೋದನ್ನ ಬಿಡಬೇಡಿ. ದೊಡ್ಡಗಂಗಮ್ಮ ಅಂತ ನಮ್ಮಕ್ಕ ಇದಾಳೆ. ನಾಳೆ ಬಂದು ನಂದೇ ಅಂತಾಳೆ!"

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಮಸಿ ಒಣಗಿದೆಯೇ ಎಂದು ನೋಡಿ, ಕಣ್ಣೊರೆಸಿಕೊಂಡರು.

ಈಗ ಅನ್ನಪೂರ್ಣೇಶ್ವರಿ ನಗರದಲ್ಲಿ ಅವರದೇ ಒಂದು ಸಣ್ಣ ಶೆಡ್ಡಿದೆ. ರಾಯಚೂರು ಕಡೆಯಿಂದ ಬಂದ ಲಕ್ಷ್ಮವ್ವ ಜೊತೆಗಿದ್ದು ಕೊಳವೆ ಸುತ್ತುವುದನ್ನು ಕಲಿತಿದ್ದಾಳೆ. ಬ್ಲೋವರಿನ ಮುಚ್ಚಳಗಳು ಸಿದ್ದೇಶನ ಶೆಡ್ಡಿನಲ್ಲೇ ಎರಕವಾಗಿ ಬರುತ್ತವೆ. ಅವನನ್ನು ದೂರ ಇಡು ಎಂದು ರಾಮಯ್ಯ ಹೇಳಿ ನೋಡಿದ, ಗಂಗಮ್ಮ ಕೇಳಲಿಲ್ಲ. "ಎಲ್ಲರ ಮುಂದೆ ಒಪ್ಕೊಂಡ, ಸಾಕು," ಎಂದರು. ಈ ತನಕ ಮೂವತ್ತೇಳು ಬರ್ನರ್ ಹೊರಗೆ ಹೋಗಿವೆ.

ಕಳೆದ ತಿಂಗಳು ರಾಜಾಜಿನಗರದ ಒಬ್ಬ ಕುರುಕುಲು ತಿಂಡಿ ತಯಾರಕ ದೊಡ್ಡ ಬಾಣಲೆಗೆ ಬರ್ನರ್ ಬೇಕೆಂದು ಬಂದಿದ್ದ. ಗಂಗಮ್ಮ ಹೋಗಿ ಜಾಗ ನೋಡಿದರು. ಒಂದೇ ಕಿಟಕಿಯ ಕೋಣೆ, ಚಿಮಣಿ ಇಲ್ಲ, ಆರು ಜನ ಹೆಂಗಸರು ಒಳಗೇ ಕೆಲಸ ಮಾಡುತ್ತಾರೆ. ಕೊಡುವುದಿಲ್ಲ ಎಂದು ಹೇಳಿ ಬಂದರು. ಆತ ಎಷ್ಟು ಬೇಡಿಕೊಂಡರೂ ಬಗ್ಗಲಿಲ್ಲ. ಮೊನ್ನೆ ಆತನೇ ಗೋಡೆ ಒಡೆಸಿ, ಚಿಮಣಿ ಕಟ್ಟಿಸಿ ಫೋಟೋ ಕಳಿಸಿದ್ದಾನೆ. ಗಂಗಮ್ಮ ಅದನ್ನು ನನಗೆ ತೋರಿಸಿ, "ಚಿಮಣಿ ಒಂದಡಿ ಗಿಡ್ಡ ಆಯ್ತು ಮೇಡಂ. ಸೋಮವಾರ ಹೋಗಿ ಏರಿಸಿಕೊಟ್ಟು ಬರೋಣ, ನೀವೂ ಬನ್ನಿ," ಎಂದಿದ್ದಾರೆ.