ಫೆಬ್ರವರಿಯ ಗಿಡ್ಡ ಹುಲ್ಲು

ಮೊನ್ನೆ ಮಗಳು ಸೂಟ್‌ಕೇಸ್ ಬೇಕೆಂದಳು. ಕುರ್ಚಿ ಹತ್ತಿ ಅಟ್ಟದ ಮೇಲೆ ಕೈಯಾಡಿಸಿದರೆ ಮೊದಲು ಸಿಕ್ಕಿದ್ದು ಸೂಟ್‌ಕೇಸಲ್ಲ, ದುರ್ಬೀನಿನ ಚರ್ಮದ ಪೆಟ್ಟಿಗೆ. ಗುಂಡಿ ಬಿಚ್ಚಿದ ಕೂಡಲೇ ಹಳೆಯ ಚರ್ಮದ ಜೊತೆ ಪಚ್ಚಕರ್ಪೂರದ ವಾಸನೆ. ಟಿಕೆಟ್ ಮಾಮನ ಮೇಜಿನ ಡ್ರಾಯರಿನ ವಾಸನೆ ಅದು, ಇಷ್ಟು ವರ್ಷವಾದರೂ ಹೋಗಿಲ್ಲ. ಕುರ್ಚಿಯಿಂದ ಇಳಿದವಳು ಹಾಗೇ ನೆಲದ ಮೇಲೆ ಕೂತುಬಿಟ್ಟೆ...

ಅಣ್ಣಾ ನಗರದಲ್ಲಿ ನಮ್ಮ ಎದುರು ಮನೆಯವರು ಅವರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಬೇರುಬಿಟ್ಟ ವೈಷ್ಣವರು. ಅವರ ಕನ್ನಡದಲ್ಲಿ ಅರ್ಧ ತಮಿಳು. ಎಗ್ಮೋರ್ ಸ್ಟೇಷನ್ನಿನ ಹಿಂದೆ ಒಂದೇ ಕೋಣೆಯ ಟ್ರಾವೆಲ್ ಆಫೀಸು ಇಟ್ಟಿದ್ದರು. ಕಾಶಿಗೂ ಬದರಿಗೂ ಜನರನ್ನು ಕಳಿಸುತ್ತಾ ಕಳಿಸುತ್ತಾ ಕೊನೆಗೆ ಆಫ್ರಿಕಾಕ್ಕೂ ಕಳಿಸತೊಡಗಿದ್ದರು. ತಾವು ಮಾತ್ರ ಒಮ್ಮೆಯೂ ಸಮುದ್ರ ದಾಟಿದವರಲ್ಲ. ಹೋಗಿ ಬಂದವರನ್ನು ಕೂರಿಸಿಕೊಂಡು, ಕಾಫಿ ತರಿಸಿಕೊಟ್ಟು, ಯಾವ ತಿಂಗಳಲ್ಲಿ ಎಲ್ಲಿ ಏನು ಕಂಡಿರಿ ಎಂದು ಕೇಳಿ ಕೇಳಿ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಸಿಂಹ, ಜಿರಾಫೆ ಎಲ್ಲವನ್ನೂ ಅವರು ಕಂಡದ್ದು ಆ ನೋಟ್‌ಬುಕ್ಕಿನಲ್ಲೇ.

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಆಟೋ ಬಲಕ್ಕೆ ತಿರುಗಿದರೆ ಎಡಕ್ಕೆ ಯಾಕೆ ತಿರುಗಲಿಲ್ಲ ಎಂದು ಕೇಳುವವಳು, ಹಾಲಿನವನು ನಕ್ಕರೆ ಹಾಲನ್ನು ಎರಡು ಸಲ ನೋಡುವವಳು. ಸಮುದ್ರವನ್ನೇ ದಾಟದ ಮನುಷ್ಯ ಆಫ್ರಿಕಾದ ಮಳೆ ಬಿಸಿಲಿನ ಲೆಕ್ಕ ಹೇಳಿದರೆ ನಂಬುವ ಪೈಕಿ ನಾನಾಗಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿದ್ದ ಕಾಲ. ಅಮ್ಮ ಹೋಗಿ, ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ ಉಳಿದಿದ್ದೆವು. ಅಪ್ಪ ಸರ್ವೆ ಆಫೀಸಿನಲ್ಲಿ ನಕಾಶೆ ಬರೆಯುತ್ತಿದ್ದವರು. ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಎಳೆದೂ ಎಳೆದೂ ನಿವೃತ್ತರಾದವರು. ನಾನು ಚಿಕ್ಕವಳಿದ್ದಾಗ ರಜೆ ಬಂತೆಂದರೆ ಎಗ್ಮೋರ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಗಾಜಿನ ಹಿಂದೆ ನಿಲ್ಲಿಸಿದ್ದ ಸತ್ತ ಪ್ರಾಣಿಗಳ ಮುಂದೆ ನಿಂತು, "ಇವೆಲ್ಲ ಓಡೋದನ್ನ ಒಂದ್ಸಲ ನೋಡ್ಬೇಕು ಕಣೆ" ಎನ್ನುತ್ತಿದ್ದರು. ಶೋಳಿಂಗನಲ್ಲೂರಿನ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿ ಆಗಲೇ ಎರಡು ವರ್ಷವಾಗಿತ್ತು. ಈ ಒಂದು ಆಸೆಯನ್ನಾದರೂ ತೀರಿಸಬೇಕೆಂದು ಹಟ ಹಿಡಿದೆ. ಕಾಡುದನದಂಥ ವೈಲ್ಡ್‌ಬೀಸ್ಟ್‌ಗಳು ಸಾವಿರಗಟ್ಟಲೆ ಒಟ್ಟಿಗೆ ನದಿಗೆ ಧುಮುಕುವುದನ್ನು ಅಪ್ಪನಿಗೆ ತೋರಿಸಬೇಕು. ಅದಕ್ಕೆ ಆಗಸ್ಟೇ ಸರಿ ಎಂದು ಬ್ರೌಸಿಂಗ್ ಸೆಂಟರಿನಲ್ಲಿ ನಾನು ತೆಗೆಸಿದ್ದ ಪ್ರಿಂಟುಗಳೆಲ್ಲ ಹೇಳುತ್ತಿದ್ದವು.

ಡಿಸೆಂಬರಿನಲ್ಲಿ ಆ ಹಾಳೆಗಳನ್ನು ಹಿಡಿದು ಮಾಮನ ಆಫೀಸಿಗೆ ಹೋದೆ. ಅವರು ಹಾಳೆಗಳನ್ನು ತಿರುಗಿಸಿಯೂ ನೋಡಲಿಲ್ಲ.

"ಆಗಸ್ಟ್ ಬೇಡಮ್ಮಾ, ಫೆಬ್ರವರಿಲೇ ಹೋಗ್ಬಿಡಿ. ಆಗ ಹುಲ್ಲು ಗಿಡ್ಡ ಇರತ್ತೆ. ಮರಿ ಹಾಕೋ ಕಾಲ ತಾನೆ, ಎಲ್ಲಾ ಬಯಲಲ್ಲೇ, ಜೀಪ್ ಪಕ್ಕದಲ್ಲೇ ನಿಂತಿರತ್ತಂತೆ. ಆಗಸ್ಟ್‌ಲಿ ಒಂದೇ ಧೂಳು, ದೂರದಿಂದ ನೋಡ್ಬೇಕು."

"ನದಿ ದಾಟೋದು ಫೆಬ್ರವರೀಲಿ ಇರಲ್ವಲ್ಲ ಮಾಮ?"

"ನದಿ ಎಲ್ಲಿಗೂ ಓಡಿಹೋಗಲ್ಲಮ್ಮಾ. ಹತ್ತಿರದ್ದನ್ನ ಮೊದಲು ನೋಡ್ಲಿ ನಿಮ್ ತಂದೆ."

ಅಲ್ಲಿಗೆ ನಿಂತಿದ್ದರೆ ನಾನೂ ಒಪ್ಪುತ್ತಿದ್ದೆನೋ ಏನೋ. ಒಂದು ವಾರ ಕಳೆದು ಪಂಚಾಂಗವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೇ ಬಂದರು. "ಆಗಸ್ಟ್‌ಲಿ ಚಾತುರ್ಮಾಸ್ಯ ಮಾ. ನಿಮ್ ತಂದೆ ವ್ರತದ ಊಟಕ್ಕೆ ಆ ಕಾಡಲ್ಲಿ ಏನ್ ಪಣ್ಣೋದು?" ಎಂದರು. ಆ ನಾಲ್ಕು ತಿಂಗಳು ನಮ್ಮವರು ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು ಎಂದು ಒಂದೊಂದನ್ನೇ ಬಿಡುವುದು ನಿಜ. ಆದರೆ ಅಮ್ಮ ಹೋದಂದಿನಿಂದ ಅಪ್ಪ ವ್ರತವನ್ನೇ ಬಿಟ್ಟಿದ್ದರು. ತರಕಾರಿ ಬಿಡುವ ತಿಂಗಳಲ್ಲೇ ಬದನೆಕಾಯಿ ಎಣ್ಣೆಗಾಯಿ ಕೇಳಿ ಮಾಡಿಸಿಕೊಂಡು ತಿನ್ನುತ್ತಿದ್ದರು. ಅದರ ಘಮ ಎದುರು ಮನೆಗೆ ಹೋಗದೆ ಇರುತ್ತದೆಯೇ? ಎಲ್ಲ ಗೊತ್ತಿದ್ದೂ ವ್ರತದ ನೆಪ ಹೇಳುತ್ತಾರಲ್ಲ ಎಂದು ನನ್ನ ಕಿವಿ ನೆಟ್ಟಗಾಯಿತು. ಇನ್ನೊಂದು ವಾರಕ್ಕೆ ಕಾರಣ ಮತ್ತೆ ಬದಲಾಯಿತು: ಫೆಬ್ರವರಿ ಬಿಟ್ಟರೆ ವಿಮಾನದಲ್ಲಿ ಸೀಟೇ ಸಿಗುವುದಿಲ್ಲವಂತೆ. ಒಂದೇ ಮಾತಿಗೆ ಮೂರು ಕಾರಣ ಕೊಡುವವರು ನಾಲ್ಕನೆಯದನ್ನು ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಜನ ಹೋಗದ ಕಾಲದ ಟಿಕೆಟ್ಟುಗಳನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾರೆ, ಅಷ್ಟೇ.

ಜನವರಿಯ ಒಂದು ದಿನ ಜ್ವರವೆಂದು ನಾನು ಆಫೀಸಿನಿಂದ ಬೇಗ ಮನೆಗೆ ಬಂದಿದ್ದೆ. ಮಧ್ಯಾಹ್ನ ಅಪ್ಪ ಮತ್ತು ಮಾಮ ಒಂದೇ ಆಟೋದಿಂದ ಇಳಿದರು. ಅಪ್ಪ ಎಂದೂ ಹಾಕದ ಕಪ್ಪು ಕನ್ನಡಕ ಹಾಕಿದ್ದರು. ಮಾಮ ಅವರ ಮೊಣಕೈ ಹಿಡಿದಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದರೆ ಇಬ್ಬರೂ ಒಟ್ಟಿಗೆ "ಮ್ಯೂಸಿಯಂಗೆ" ಅಂದರು. ಅವತ್ತು ಶುಕ್ರವಾರ. ಶುಕ್ರವಾರ ಮ್ಯೂಸಿಯಂಗೆ ರಜೆ ಎಂಬುದು ನನಗೆ ಆರನೇ ವಯಸ್ಸಿನಿಂದ ಗೊತ್ತು.

ಈ ಮನುಷ್ಯ ಅಪ್ಪನನ್ನು ಎಲ್ಲಿಗೋ ಕರೆದುಕೊಂಡು ಹೋಗಿ ಯಾವುದಕ್ಕೋ ಸಹಿ ಹಾಕಿಸುತ್ತಿದ್ದಾರೆ ಎಂದು ನಿರ್ಧಾರ ಮಾಡಿಬಿಟ್ಟೆ. ನಾನು ಒಳಗೆ ಬಂದರೆ ಇಬ್ಬರ ಪಿಸುಮಾತು ನಿಲ್ಲುತ್ತಿತ್ತು. ಅಪ್ಪ ಆಗೆಲ್ಲ ಪೇಪರನ್ನು ನನ್ನ ಕೈಗೆ ಕೊಟ್ಟು "ನೀನೇ ಓದು" ಎನ್ನುತ್ತಿದ್ದರು. ಅದನ್ನು ಸೋಮಾರಿತನ ಎಂದುಕೊಂಡೆ. ಎಲ್ಲದರ ಮೇಲೂ ಅನುಮಾನ ಪಡುತ್ತಿದ್ದವಳಿಗೆ ಅನುಮಾನ ಪಡಬೇಕಾದ ಆ ಒಂದು ವಿಷಯ ಹೊಳೆಯಲೇ ಇಲ್ಲ. ಸಿಟ್ಟಿನಲ್ಲಿ ಬೇರೆ ಕಂಪನಿಗೆ ಹೋಗಿ ಆಗಸ್ಟಿಗೆ ಟಿಕೆಟ್ ಮಾಡಿಸಿದೆ. ಅಪ್ಪ "ಆಯ್ತು, ನಿನ್ನಿಷ್ಟ" ಎಂದರು. ಮಾಮನ ಮುಖ ಮಾತ್ರ ಸಣ್ಣದಾಯಿತು. ಅದನ್ನು ನೋಡಿ ನನಗೆ ಗೆದ್ದಷ್ಟು ಖುಷಿಯಾಯಿತು.

ಹೊರಡುವ ದಿನ ಮಾಮ ಈ ದುರ್ಬೀನು ತಂದುಕೊಟ್ಟರು. ಅವರ ತಂದೆಯದಂತೆ.

"ಪಕ್ಕದಲ್ಲೇ ಕೂತ್ಕೊಮ್ಮಾ. ನಿಂಗೆ ಏನೇನು ಕಾಣತ್ತೋ ಎಲ್ಲಾ ಅಪ್ಪಂಗೆ ಹೇಳ್ತಾ ಇರು."

"ಯಾಕೆ ಮಾಮ, ಅಪ್ಪಂಗೇನು ಕಣ್ಣಿಲ್ವಾ?" ಎಂದೆ, ಸಾಕಷ್ಟು ಖಾರವಾಗಿಯೇ.

ಅವರು ಚಪ್ಪಲಿ ಹುಡುಕುವವರ ಹಾಗೆ ತಲೆ ತಗ್ಗಿಸಿ ಹೋದರು.

ನದಿಯ ದಂಡೆಯಲ್ಲಿ ಜೀಪು ನಿಲ್ಲಿಸಿಕೊಂಡು ಎರಡು ದಿನ ಕಾದೆವು. ಮೂರನೆಯ ದಿನ ಬೆಳಿಗ್ಗೆ ಆಚೆ ದಡದಲ್ಲಿ ಧೂಳೆದ್ದಿತು. ಒಂದು ಧುಮುಕಿತು, ಅದರ ಹಿಂದೆ ಹತ್ತು, ಆಮೇಲೆ ಎಣಿಸಲಾರದಷ್ಟು... ಜೀಪಿನಲ್ಲಿದ್ದವರೆಲ್ಲ ಕೂಗುತ್ತಿದ್ದರು. ಅಪ್ಪ ದುರ್ಬೀನನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು, ಆಮೇಲೆ ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡರು.

"ಕಾಣಿಸ್ತಿಲ್ಲ ಕಣೆ. ನೀನೇ ಹೇಳು, ಹೇಗಿದೆ?"

ಧೂಳಿಗೆ ಇರಬೇಕು ಎಂದೆ. ಅಪ್ಪ ತಲೆಯಾಡಿಸಿದರು. ಕಣ್ಣಿನ ನರ ಒಣಗುತ್ತಾ ಬಂದಿದೆಯಂತೆ, ಸರಿಯಾಗುವಂಥದ್ದಲ್ಲವಂತೆ. ಫೆಬ್ರವರಿಯ ಹೊತ್ತಿಗೆ ಹತ್ತಿರ ಇರುವುದಾದರೂ ಕಂಡೀತು, ಆಮೇಲೆ ಹೇಳಲಾಗದು ಎಂದು ಡಾಕ್ಟರು ನವೆಂಬರಿನಲ್ಲೇ ಹೇಳಿದ್ದರಂತೆ, ಜನವರಿಯ ಆ ಶುಕ್ರವಾರವೂ ಅದನ್ನೇ ಹೇಳಿದ್ದರಂತೆ. "ನಿನ್ನ ಮಾಮ ಒಬ್ಬನಿಗೆ ಗೊತ್ತು. ನಿನಗೆ ಹೇಳಕೂಡದು ಅಂತ ಆಣೆ ಹಾಕಿಸ್ಕೊಂಡಿದ್ದೆ. ಹೇಳಿದ್ರೆ ನೀನು ಪ್ರಯಾಣ ಬಿಟ್ಟು ಆಸ್ಪತ್ರೆ ಆಸ್ಪತ್ರೆ ಅಂತ ಅಲೆಸ್ತಿದ್ದೆ" ಎಂದರು. ಎದುರಿಗೆ ಸಾವಿರಾರು ಪ್ರಾಣಿಗಳು ನೀರು ದಾಟುತ್ತಿದ್ದವು. ಅಪ್ಪನ ತೊಡೆಯ ಮೇಲಿದ್ದ ದುರ್ಬೀನನ್ನು ಕಣ್ಣಿಗಿಟ್ಟುಕೊಂಡು ಹೇಳತೊಡಗಿದೆ. ಒಂದು ಕರು ಕೊಚ್ಚಿಹೋಗ್ತಿದೆ ಅಪ್ಪ, ತಾಯಿ ತಿರುಗಿ ನೋಡ್ತಿದೆ. ಇಲ್ಲ ಇಲ್ಲ, ಕರು ದಡ ಸೇರಿತು... ಕರು ದಡ ಸೇರಿರಲಿಲ್ಲ.

ಊರಿಗೆ ಬಂದ ಮೇಲೆ ಮಾಮ ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದರು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಅಪ್ಪ ಹೇಳುತ್ತಿದ್ದರು: ಮೊದಲು ಒಂದು ಧುಮುಕಿತು, ಹಿಂದೆ ಹತ್ತು, ತಾಯಿ ತಿರುಗಿ ನೋಡಿತು, ಕರು ದಡ ಸೇರಿತು. ಎಲ್ಲವೂ ನನ್ನ ಮಾತುಗಳೇ. ಮಾಮನಿಗೆ ಎಲ್ಲ ಗೊತ್ತಿತ್ತು. ಆದರೂ ಒಂದು ಅಕ್ಷರ ಬಿಡದೆ ಬರೆದುಕೊಂಡರು. "ಕರು ಸೇರಿತಾ? ಅಪ್ಪಾಡಾ, ಒಳ್ಳೇದಾಯ್ತು" ಎಂದರು. ಕಾಫಿ ಕೊಡಬೇಕಾದವಳು ಕೊಡದೆ ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಕ್ಷಮಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ನಾಚಿಕೆಗೆ ಅವರ ಎದುರು ಹೋಗುವುದನ್ನೇ ಬಿಟ್ಟೆ. ಅವರು ಗೇಟಿನಲ್ಲಿ ಕಂಡರೆ ಫೋನ್ ಬಂದವಳಂತೆ ಒಳಗೆ ಓಡುತ್ತಿದ್ದೆ. ದುರ್ಬೀನು ಹಿಂದಿರುಗಿಸುವ ನೆಪದಲ್ಲಾದರೂ ಹೋಗಬೇಕು ಎಂದುಕೊಳ್ಳುತ್ತಾ ಎರಡು ವರ್ಷ ಕಳೆಯಿತು. ಒಂದು ಸಂಜೆ ಆಫೀಸಿನ ಕ್ಯಾಬ್ ಇಳಿದಾಗ ಎದುರು ಮನೆಯ ಮುಂದೆ ಜನ ಸೇರಿದ್ದರು... ಆ ನೋಟ್‌ಬುಕ್ ಏನಾಯಿತೋ ತಿಳಿಯದು. ಅಪ್ಪ ಆಮೇಲೆ ಆರು ವರ್ಷ ಇದ್ದರು, ಕತ್ತಲಲ್ಲೇ. ಮಾಮನ ಮನೆಯಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಫ್ಲಾಟುಗಳಿವೆ.

ದುರ್ಬೀನು ಹಿಡಿದು ಕೂತಿದ್ದಾಗ ಮಗಳು ಲ್ಯಾಪ್‌ಟಾಪ್ ತೆಗೆದುಕೊಂಡು ಬಂದಳು. ಮೊದಲ ಕೆಲಸ, ಮೊದಲ ಸಂಬಳ. ಅಮ್ಮನನ್ನು ಮತ್ತೊಮ್ಮೆ ಆಫ್ರಿಕಾಕ್ಕೆ ಕರೆದುಕೊಂಡು ಹೋಗುವ ಉಮೇದು.

"ಆಗಸ್ಟ್ ಓಕೆ ತಾನೇಮ್ಮಾ? ನದಿ ದಾಟೋದು ಆಗಲೇ."

"ಫೆಬ್ರವರೀಲಿ ಹೋಗೋಣ" ಎಂದೆ. "ಆಗ ಹುಲ್ಲು ಗಿಡ್ಡ ಇರುತ್ತೆ."

"ಎಲ್ಲಾ ಸೈಟ್‌ಲೂ ಆಗಸ್ಟ್ ಅಂತ ಇದೆ. ಏನ್ ಮಾ, ಏನಾದ್ರೂ ಮುಚ್ಚಿಡ್ತಿದೀಯಾ?"

ಅಂದು ಮಾಮನನ್ನು ನಾನು ನೋಡಿದ್ದ ಅದೇ ಅನುಮಾನದ ಕಣ್ಣಲ್ಲಿ ಅವಳು ನನ್ನನ್ನು ನೋಡುತ್ತಿದ್ದಳು. ಈ ಬುದ್ಧಿ ಅವಳಿಗೆ ಬಂದಿದ್ದು ನನ್ನಿಂದಲೇ. ಚಾತುರ್ಮಾಸ್ಯ ಎನ್ನೋಣವೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಮಾಮನ ಬಾಯಿಗೆ ಆಣೆಯ ಬೀಗವಿತ್ತು. ನನ್ನ ಬಾಯಿಗೆ ಅದೂ ಇರಲಿಲ್ಲ. ಎದ್ದುಹೋಗಿ ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಎರಡು ತಿಂಗಳಿಂದ ಇಟ್ಟುಕೊಂಡಿದ್ದ, ನನ್ನ ಹೆಸರಿನ ಕಣ್ಣಾಸ್ಪತ್ರೆಯ ಫೈಲನ್ನು ತಂದು ಅವಳ ಕೈಯಲ್ಲಿಟ್ಟೆ.